ಅಂಬಿಕಾಳ ಓದು ಮತ್ತು ಕೊಲ್ಲಾಪುರಮ್ಮನ ಫ್ರಿಜ್ಜು

ಗೋವಿನಕೋವಿಯ ನಮ್ಮ ಓಣಿಯಲ್ಲಿ ಅಂಬಿಕಾಳನ್ನು ಈಗ ಎಲ್ಲರೂ ಇಂಜಿನಿಯರಮ್ಮ ಎನ್ನುತ್ತಾರೆ. ಮಿಕ್ಸಿ ತಿರುಗದಿದ್ದರೂ ಅವಳನ್ನೇ ಕರೆಯುತ್ತಾರೆ, ಮೊಬೈಲು ಚಾರ್ಜ್ ಆಗದಿದ್ದರೂ ಅವಳನ್ನೇ ಕರೆಯುತ್ತಾರೆ. ತಾನು ಓದಿದ್ದು ಟ್ರಾನ್ಸ್‌ಫಾರ್ಮರು, ಹೈಟೆನ್ಷನ್ ತಂತಿ ಇಂಥವನ್ನು ಎಂದು ಅವಳು ಹೇಳಿ ನೋಡಿದಳು. “ಅಷ್ಟು ದೊಡ್ಡದು ಗೊತ್ತಿದ್ದೋಳಿಗೆ ಮಿಕ್ಸಿ ಗೊತ್ತಿರಲ್ವಾ” ಎಂದರು. ಈಗ ಅವಳು ಏನೂ ಹೇಳದೆ ಸ್ಕ್ರೂ ಡ್ರೈವರ್ ಹಿಡಿದು ಬರುತ್ತಾಳೆ.

ಅವಳು ಓದಿದ್ದು ಒಂದು ಕಂಪನಿಯ ಸಹಾಯದಿಂದ ಎಂದು ಸವಳಂಗದ ಸರ್ಕಲ್ಲಿನಲ್ಲಿ ಹಾಕಿದ್ದ ದೊಡ್ಡ ಬೋರ್ಡು ಹೇಳುತ್ತಿತ್ತು. ಅದು ಸುಳ್ಳಲ್ಲ. ಆದರೆ ಬೋರ್ಡಿನಲ್ಲಿ ಜಾಗ ಕಡಿಮೆ ಇತ್ತು. ಹಾಗಾಗಿ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಅಂಬಿಕಾಳ ತಂದೆ ಮಾರಪ್ಪ ಮೆಕ್ಕೆಜೋಳದ ಸುಗ್ಗಿಯಲ್ಲಿ ಒಕ್ಕಣೆ ಯಂತ್ರದ ಜೊತೆ ಊರೂರು ಸುತ್ತುತ್ತಾರೆ, ಉಳಿದ ದಿನ ಸಿಕ್ಕ ಕೂಲಿ ಮಾಡುತ್ತಾರೆ. ತಾಯಿ ಭೀಮಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಅಂಬಿಕಾ ನ್ಯಾಮತಿಯಲ್ಲಿ ಪಿಯುಸಿ ಮುಗಿಸಿ ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದಳು. ಸೀಟು ಅವಳ ರ‍್ಯಾಂಕಿನಿಂದ ಸಿಕ್ಕಿತು. ಸರ್ಕಾರ ಕೊಡುವುದು ಹೋಗಿ ಉಳಿದ ಫೀಸು, ಹಾಸ್ಟೆಲ್ಲು, ಪುಸ್ತಕ ಇಷ್ಟನ್ನು ನೋಡಿಕೊಳ್ಳಲು ಬೋರ್‌ವೆಲ್ ಪೈಪು ತಯಾರಿಸುವ ಕಂಪನಿಯೊಂದು ಮುಂದೆ ಬಂತು. ಆ ವಿದ್ಯಾರ್ಥಿವೇತನಕ್ಕೆ ‘ಭರವಸೆಯ ಹನಿ’ ಎಂದು ಹೆಸರು. ಹನಿ ಎಂದ ಮೇಲೆ ಒಂದೇ ಸಲ ಸುರಿಯುವಂತಿಲ್ಲ. ಪ್ರತಿ ವರ್ಷ ಕಂಪನಿಯವರು ನೋಡಿ ಒಪ್ಪಿದರೆ ಮಾತ್ರ ಮುಂದಿನ ವರ್ಷದ್ದು ಬರುತ್ತಿತ್ತು. ಬರದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ಮನೆಯ ಮೂವರಿಗೂ ಗೊತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಂಪನಿಯವರು ಅವಳಿಂದ ಕೇಳುತ್ತಿದ್ದದ್ದು ಹೆಚ್ಚೇನಲ್ಲ. ನೀಲಿ ಹನಿಯ ಗುರುತಿರುವ ಟೀ ಶರ್ಟ್ ಹಾಕಿಕೊಂಡು ಭಾನುವಾರ ಮೊಬೈಲಿನ ಮುಂದೆ ತರಬೇತಿಗೆ ಕೂರಬೇಕು. ಮೊದಲ ವರ್ಷ ಆತ್ಮವಿಶ್ವಾಸದಿಂದ ಕೈಕುಲುಕುವುದನ್ನು ಮೊಬೈಲಿನಲ್ಲೇ ಕಲಿಸಿದರು. ಎರಡನೆಯ ವರ್ಷದ ಪಾಠ ಕೃತಜ್ಞತೆ. ಧನ್ಯವಾದ ಹೇಳುವ ವಿಡಿಯೋ ಮಾಡಿ ಕಳಿಸಬೇಕಿತ್ತು. ಅವಳು ಕಳಿಸಿದ ಮೊದಲ ವಿಡಿಯೋ ನಗು ಸಾಲದೆಂದು ವಾಪಸು ಬಂತು. ಮತ್ತೊಂದು, ನಗು ಜಾಸ್ತಿಯಾಗಿ ಕಷ್ಟ ಕಾಣಿಸುತ್ತಿಲ್ಲವೆಂದು ವಾಪಸು ಬಂತು. ಕಷ್ಟದಿಂದ ಶುರುವಾಗಿ ನಗುವಿನಲ್ಲಿ ಮುಗಿಯಬೇಕು ಎಂದು ಬರೆದಿದ್ದರು. ಅವಳು ಹಾಸ್ಟೆಲ್ಲಿನ ಟೆರೇಸಿನ ಮೇಲೆ ನಿಂತು ಅದನ್ನು ಅಭ್ಯಾಸ ಮಾಡಿದಳು. ಅದೇ ವಾರ ಲ್ಯಾಬಿನ ಪರೀಕ್ಷೆಯೂ ಇತ್ತು. ಅದರಲ್ಲಿ ಅಂಕ ಕಡಿಮೆಯಾದಾಗ, ಓದಿನ ಕಡೆ ಹೆಚ್ಚು ಗಮನ ಕೊಡಬೇಕೆಂದು ಕಂಪನಿಯವರೇ ಎಚ್ಚರಿಸಿದರು.

ನಮ್ಮ ಕಡೆಯ ಉಸ್ತುವಾರಿ ನಾಗರಾಜ್ ಎಂಬುವವರದ್ದು. ಜಗಳೂರಿನವರು, ಕಂಪನಿಯಲ್ಲಿ ಗುತ್ತಿಗೆಯ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲವನ್ನೂ ಒಂದೇ ಬೈಕಿನಲ್ಲಿ ಸುತ್ತುತ್ತಾರೆ. ವರ್ಷಕ್ಕೊಂದು ‘ಬದಲಾದ ಬದುಕು’ ಹುಡುಕಿ ಕಂಪನಿಗೆ ತೋರಿಸುವುದು ಅವರ ಹೊಣೆ. ಆ ವರ್ಷ ಚನ್ನಗಿರಿ ಕಡೆ ಒಬ್ಬ ಹುಡುಗ ಸಿಕ್ಕಿದ್ದನಂತೆ. ಕ್ಯಾಮೆರಾ ಮುಂದೆ ನಿಲ್ಲಿಸಿದರೆ, ಕಂಪನಿಯ ಪೈಪು ನಮ್ಮ ಹೊಲದಲ್ಲಿ ಒಡೆದುಹೋಗಿದೆ, ಬದಲಾಯಿಸಿಕೊಡುತ್ತೀರಾ ಎಂದು ಕೇಳಿಬಿಟ್ಟ. ಜಗಳೂರಿನ ಹುಡುಗಿಗೆ ಮದುವೆ ಗೊತ್ತಾಯಿತು. ಹೊನ್ನಾಳಿಯಲ್ಲಿ ಯಾರೂ ಬದಲಾಗಿರಲಿಲ್ಲ. ಹೀಗೆ, ಅಂಬಿಕಾಳ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ, ಸರದಿ ಗೋವಿನಕೋವಿಗೆ ಬಂತು.

ನಾಗರಾಜ್ ಭೀಮಕ್ಕನಿಗೆ ಫೋನ್ ಮಾಡಿ ಹೇಳಿದ್ದನ್ನು ಓಣಿಯವರೆಲ್ಲ ಕೇಳಿದೆವು. ಫೋನು ಸ್ಪೀಕರಿನಲ್ಲಿತ್ತು.

“ಬೆಂಗಳೂರಿಂದ ಮೇಡಂ ಬರ್ತಾರಮ್ಮ. ಮನೆ ನೋಡಿ, ಒಂದು ಸಣ್ಣ ವಿಡಿಯೋ ತಗೊಂಡು ಹೋಗ್ತಾರೆ. ಮುಂದಿನ ವರ್ಷದ್ದು ಕೊಡಾಕೆ ಅವ್ರು ಹೂಂ ಅನ್ಬೇಕು. ನೀವೇನೂ ತೊಂದ್ರೆ ತಗೋಬ್ಯಾಡ್ರಿ. ಮನೆ ಹೆಂಗೈತೋ ಹಂಗೇ ಇರ್ಲಿ.”

“ಆಗ್ಲಿ ಸಾರ್” ಎಂದು ಭೀಮಕ್ಕ ಫೋನಿಟ್ಟರು. ಇಟ್ಟವರೇ ಸುಣ್ಣದ ಡಬ್ಬಿ ಹುಡುಕಲು ಹೋದರು.

ಅವರದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಹೆಣ್ಣು ನೋಡಲು ಬರುವ ಬೀಗರೂ ಹೀಗೇ ಹೇಳುತ್ತಾರೆ. ತೊಂದರೆ ತೆಗೆದುಕೊಳ್ಳಬೇಡಿ ಎನ್ನುವುದು ಅವರ ಮರ್ಯಾದೆ, ಕೇಳದೆ ಎಲ್ಲವನ್ನೂ ಮಾಡುವುದು ನಮ್ಮ ಮರ್ಯಾದೆ. ಯಾರದೇ ಮನೆಗೆ ಅಂಥ ಜನ ಬಂದರೂ ಓಣಿಯ ಒಳ್ಳೆಯ ಸಾಮಾನೆಲ್ಲ ಆ ದಿನ ಆ ಮನೆ ಸೇರುತ್ತದೆ. ಬಸ್ ಡ್ರೈವರಾಗಿ ನಿವೃತ್ತರಾದ ಚಿಕ್ಕಹನುಮಂತಪ್ಪನವರ ಸೋಫಾ ಹೀಗೆ ಹೊರಗೆ ಹೋಗಿ ಹೋಗಿಯೇ ಎಷ್ಟೋ ಸಂಬಂಧ ಕೂಡಿಸಿದೆ. ಅದರ ಮೇಲೆ ಕೂತು ಒಪ್ಪಿಕೊಂಡವರು ಮದುವೆಯ ನಂತರ ಬಂದಾಗ ಚಾಪೆಯ ಮೇಲೆ ಕೂರುತ್ತಾರೆ. ಸೋಫಾ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅವರ ಊರಿನಲ್ಲೂ ಹಾಗೇ ನಡೆದಿರುತ್ತದೆ.

ಮಾರಪ್ಪನವರಿಗೆ ಮಾತ್ರ ಒಂದು ಸಂಶಯ ಬಂತು.

“ಅಲ್ಲ ಕಣೇ, ಬಡವ್ರು ಅಂತ ಕೊಡ್ತಿರೋರು ಅವ್ರು. ಇಷ್ಟೆಲ್ಲ ಯಾಕೆ?”

“ಬಡವ್ರು ಅಂತ ಅವ್ರಿಗೆ ಆಗ್ಲೇ ಗೊತ್ತೈತಲ್ಲ” ಎಂದರು ಭೀಮಕ್ಕ. “ಗೊತ್ತಿರೋದನ್ನೇ ಮತ್ತೆ ಮನೇಲೂ ಯಾಕೆ ತೋರಿಸ್ಬೇಕು?”

ಮಾರಪ್ಪನವರು ಎದ್ದರು. ಹೋಗಿ ಸೋಫಾದ ಒಂದು ತುದಿ ಹಿಡಿದುಕೊಂಡರು.

ಓಣಿಯ ಬಾಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿರುವ ಕೊಲ್ಲಾಪುರಮ್ಮ ತಮ್ಮ ಫ್ರಿಜ್ಜನ್ನೇ ಕೊಟ್ಟರು. ಅದು ಅಂಗಡಿಯಿಂದ ಆಚೆ ಬಂದದ್ದು ಅದೇ ಮೊದಲು.

“ಬೆಂಗಳೂರೋರು ಬೆಚ್ಚನೆ ನೀರು ಮುಟ್ಟಲ್ಲ ಕಣೇ ಭೀಮಿ. ತಗೊಂಡು ಹೋಗು. ಒಳಗಿರೋ ಮಜ್ಜಿಗೆ ಪಾಕೀಟು ಹಂಗೇ ವಾಪಸ್ ಬರ್ಬೇಕು ನೋಡು.”

“ಒಂದೂ ಕಡಿಮೆ ಆಗಲ್ಲ ಅತ್ತಿಗೆ.”

“ಕಡಿಮೆ ಆದ್ರೆ ನಿನ್ ಗಂಡನ ಮೀಸೆ ನೋಡಿದ್ರೆ ಗೊತ್ತಾಗ್ತೈತೆ ಬಿಡು.”

ಆ ದಿನ ಅಂಬಿಕಾ ದಾವಣಗೆರೆಯಿಂದ ಕಂಪನಿಯ ಕಾರಿನಲ್ಲೇ ಬಂದಳು. ಜೊತೆಗೆ ನಾಗರಾಜ್, ಕ್ಯಾಮೆರಾದವನು, ಬೆಂಗಳೂರಿನ ಸುನೀತಾ ಮೇಡಂ. ದಾರಿಯಲ್ಲಿ ಮೇಡಂ ಅವಳಿಗೆ, ನಿಮ್ಮ ಮನೆಯ ಬಗ್ಗೆ ನಾಚಿಕೆ ಪಡಬಾರದು ಎಂದು ಧೈರ್ಯ ಹೇಳಿದ್ದರಂತೆ. ಹೊಸ್ತಿಲಲ್ಲಿ ಮೇಡಂ ನಿಂತುಬಿಟ್ಟರು. ಸುಣ್ಣ ಹೊಡೆದ ಗೋಡೆ, ಸೋಫಾ, ಅದರ ಮುಂದೆ ಗಾಜಿನ ಟೀಪಾಯಿ, ಮೂಲೆಯಲ್ಲಿ ಗುಂಯ್ಗುಡುವ ಫ್ರಿಜ್ಜು. ಭೀಮಕ್ಕ ತಣ್ಣನೆಯ ಬಾದಾಮಿ ಹಾಲು ಹಿಡಿದು ಬಂದರು.

“ಇದು ನಿಮ್ಮ ಮನೆನಾ ಅಂಬಿಕಾ?” ಎಂದು ಮೇಡಂ ಕೇಳಿದರು. ಆಮೇಲೆ ನಾಗರಾಜ್ ಕಡೆ ತಿರುಗಿ ಮೆಲ್ಲಗೆ, “ನಾಗರಾಜ್, ಇವರಿಗೆ ನಾವು ಯಾಕೆ ಕೊಡ್ತಾ ಇದ್ದೀವಿ?” ಎಂದರು.

ನಾಗರಾಜ್ ಮುಖ ಒರೆಸಿಕೊಂಡರು. ಮೂರನೆಯ ವರ್ಷ ಕೈತಪ್ಪುತ್ತಿರುವುದು ಅಂಬಿಕಾಳಿಗೆ ಆ ಕ್ಷಣವೇ ತಿಳಿಯಿತು.

“ಮೇಡಂ, ಇದ್ಯಾವುದೂ ನಮ್ಮದಲ್ಲ” ಎಂದಳು. “ಸೋಫಾ, ಟೀಪಾಯಿ ಚಿಕ್ಕಹನುಮಂತಪ್ಪ ಮಾವಂದು. ಫ್ರಿಜ್ ಅಂಗಡಿ ಅತ್ತೇದು. ಲೋಟ ಯಾರದು ಅಂತ ಅವ್ವನ್ನ ಕೇಳ್ಬೇಕು.”

ಭೀಮಕ್ಕ ಲೋಟ ಹಿಡಿದುಕೊಂಡೇ ನಿಂತರು. ನೆಂಟರು ಬಂದಿರುವಾಗ ಮನೆಯ ಹುಡುಗಿಯೇ ಸೋಫಾ ನಮ್ಮದಲ್ಲ ಎಂದದ್ದು ನಮ್ಮ ಓಣಿಯಲ್ಲಿ ಅದೇ ಮೊದಲು. ಅವರು ಮಗಳ ಮುಖ ನೋಡಲಿಲ್ಲ. ಮೇಡಂ ನಂಬಲೂ ಇಲ್ಲ. ಕೊನೆಗೆ ನಾಗರಾಜ್ ಓಡಿಹೋಗಿ ಸಾಮಾನಿನ ಒಡೆಯರನ್ನು ಕರೆತಂದರು.

“ಹೌದು, ನಂದೇ” ಎಂದರು ಕೊಲ್ಲಾಪುರಮ್ಮ. “ಬೇಕಾದ್ರೆ ಒಳಗಿರೋ ಮಜ್ಜಿಗೇನ ಕೇಳ್ರಿ, ಅಂಗಡಿ ಹೆಸ್ರು ಹೇಳ್ತೈತೆ.”

ಹಾಗಾದರೆ ತೆಗೆದುಕೊಂಡು ಹೋಗಿ ಎಂದರು ಮೇಡಂ. ಓಣಿಯವರು ಸೇರಿ ಸೋಫಾ ಎತ್ತಿದರು, ಟೀಪಾಯಿ ಎತ್ತಿದರು, ಫ್ರಿಜ್ಜು ಎತ್ತಿದರು. ಮನೆ ಖಾಲಿಯಾಯಿತು. ಒಂದು ಚಾಪೆ, ಒಲೆ, ಕಬ್ಬಿಣದ ಪೆಟ್ಟಿಗೆ, ಗೋಡೆಯ ಮೇಲೆ ಬುದ್ಧ ಮತ್ತು ಅಂಬೇಡ್ಕರರ ಫೋಟೋ ಉಳಿದವು. ಕ್ಯಾಮೆರಾದವನು ಯಾರೂ ಹೇಳದೆ ಅಷ್ಟನ್ನೂ ಚಿತ್ರೀಕರಿಸಿಕೊಂಡಿದ್ದ. ಮೇಡಂ ಅವನ ಪರದೆಯನ್ನು ಇಣುಕಿ ನೋಡಿದರು. ಅವರ ಮುಖ ಅರಳಿದ್ದನ್ನು ನಾವೆಲ್ಲ ನೋಡಿದೆವು.

“ಒಂದು ನಿಮಿಷ. ಇದನ್ನೇ ವಾಪಸ್ ಒಳಗೆ ತರೋಕಾಗುತ್ತಾ?”

ಕೊಲ್ಲಾಪುರಮ್ಮ ನಾಗರಾಜ್ ಕಡೆ ನೋಡಿದರು. “ತಗೊಂಡು ಹೋಗಿ ಅಂದೋರೂ ಇವ್ರೇ ಅಲ್ವಾ?”

“ಶೂಟಿಂಗಿಗೆ ಕಣಮ್ಮ” ಎಂದರು ನಾಗರಾಜ್. “ಅಂಬಿಕಾನ ಓದಿನ ವಿಷಯ. ಎತ್ರಿ.”

ಓದಿನ ವಿಷಯವೆಂದ ಮೇಲೆ ಓಣಿಯವರು ಬೆವರು ಲೆಕ್ಕಿಸಲಿಲ್ಲ. ಮೊದಲು ಖಾಲಿ ಮನೆಯಲ್ಲಿ ಭೀಮಕ್ಕನನ್ನು ಚಾಪೆಯ ಮೇಲೆ ಕೂರಿಸಿದರು. ದುಃಖದಿಂದಿರಿ ಎಂದು ಅವರಿಗೆ ಹೇಳಬೇಕಾಗಲಿಲ್ಲ. ಆಮೇಲೆ ಸಾಮಾನು ಒಳಗೆ ಬಂತು. ಬೆಳಕು ಸರಿಯಿಲ್ಲವೆಂದು ಹೊರಗೆ ಹೋಯಿತು, ಮತ್ತೆ ಬಂತು. ಚಿಕ್ಕಹನುಮಂತಪ್ಪನವರು ಕ್ಯಾಮೆರಾ ನೋಡುತ್ತಾರೆಂದು ಮತ್ತೆ ಹೊರಗೆ ಹೋಯಿತು.

“ಸರ್, ನೀವು ಎದುರಿಗೆ ನೋಡಬಾರದು” ಎಂದರು ಮೇಡಂ.

“ಹುಡುಗನಾಗಿದ್ದಾಗಿಂದ ಬಸ್ ಓಡ್ಸೀನಿ ಮೇಡಂ. ಎದ್ರಿಗೆ ನೋಡ್ದಂಗೆ ಮುಂದೆ ಹೋಗಾಕೆ ನಂಗೆ ಬರಲ್ಲ.”

ನಡುವೆ ಮೇಡಂ ಗೋಡೆಯ ಫೋಟೋ ತೋರಿಸಿ, ಗಾಜು ಹೊಳೆಯುತ್ತದೆ, ಸ್ವಲ್ಪ ಹೊತ್ತು ಇಳಿಸಿಡಿ ಎಂದರು. ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ಎತ್ತಿ ಇಳಿಸಿದ್ದ ಮಾರಪ್ಪನವರು ಆಗ ಕೈ ಕಟ್ಟಿ ನಿಂತರು.

“ಅದು ಯಾರ ಮನೆಯಿಂದಾನೂ ತಂದಿದ್ದಲ್ಲ ಮೇಡಂ. ನಮ್ದೇ. ಅದು ಅಲ್ಲೇ ಇರ್ತೈತೆ.”

ಕ್ಯಾಮೆರಾದವನು ತನ್ನ ದೀಪವನ್ನೇ ಸರಿಸಿಕೊಂಡ.

ಕೊನೆಯ ಸಲ ಒಳಗೆ ತರುವಾಗ ಎಲ್ಲರ ಕೈ ಸೋತಿತ್ತು. ಬಾಗಿಲಲ್ಲಿ ಫ್ರಿಜ್ಜನ್ನು ಅಡ್ಡ ಮಲಗಿಸಿ ತಳ್ಳಿದರು. ಅಂದು ಸಂಜೆ ಅಂಗಡಿಗೆ ಮರಳಿದ ಅದು ಒಂದು ಸಲ ನಡುಗಿ ಸುಮ್ಮನಾಯಿತು. ಕಂಪ್ರೆಸರ್ ಹೋಗಿದೆ ಎಂದು ಹೊನ್ನಾಳಿಯ ರಿಪೇರಿಯವನು ಹೇಳಿದ.

ಆ ವಿಡಿಯೋ ಆಮೇಲೆ ನಮ್ಮ ಮೊಬೈಲಿಗೂ ಬಂತು. ಚಾಪೆಯ ಮೇಲೆ ಭೀಮಕ್ಕ, ಹಿಂದೆ ದುಃಖದ ಕೊಳಲು. ಬಾಗಿಲಲ್ಲಿ ಬೆಳಕು ಮೂಡುತ್ತದೆ, ತಬಲಾ ಶುರುವಾಗುತ್ತದೆ. ಸೋಫಾ ಬರುತ್ತದೆ, ಟೀಪಾಯಿ ಬರುತ್ತದೆ, ಫ್ರಿಜ್ಜು ಬರುತ್ತದೆ. ಹೊತ್ತು ತರುವ ಚಿಕ್ಕಹನುಮಂತಪ್ಪನವರು ಕಂಪನಿಯ ಸಿಬ್ಬಂದಿಯಂತೆ ಕಾಣುತ್ತಾರೆ. ಕೊನೆಗೆ ಅಂಬಿಕಾ ಕಷ್ಟದಿಂದ ಶುರುವಾಗಿ ನಗುವಿನಲ್ಲಿ ಮುಗಿಯುತ್ತಾಳೆ. ‘ಒಂದು ಹನಿ, ಒಂದು ಬದಲಾದ ಬದುಕು’ ಎಂದು ಅಕ್ಷರ ಮೂಡುತ್ತದೆ. ಸವಳಂಗದ ಸರ್ಕಲ್ಲಿನಲ್ಲಿ ಬೋರ್ಡು ಎದ್ದದ್ದು ಆಗಲೇ, ಅಂಬಿಕಾಳ ಹಿಂದೆ ಫ್ರಿಜ್ಜಿನ ಅರ್ಧ ಭಾಗ ಸಮೇತ. ಸುನೀತಾ ಮೇಡಂಗೆ ಕಂಪನಿಯಲ್ಲಿ ಬಹುಮಾನ ಬಂತೆಂದು ಕೇಳಿದೆವು.

ಮೂರನೆಯ ವರ್ಷದ ಹಣವೂ ಬಂತು. ಇದನ್ನು ಮರೆಯಬಾರದು. ಅಂಬಿಕಾ ಓದಿದಳು, ಲ್ಯಾಬಿನಲ್ಲೂ ಒಳ್ಳೆಯ ಅಂಕ ಪಡೆದಳು. ಅವಳು ರಜೆಗೆ ಬಂದಾಗಲೆಲ್ಲ ಕೊಲ್ಲಾಪುರಮ್ಮ ಮಾತ್ರ ಅಂಗಡಿಯಿಂದಲೇ ಕೂಗುತ್ತಿದ್ದರು.

“ಬಂದ್ಯಾ ಹೀರೋಯಿನ್? ನಿನ್ ಸಿನಿಮಾದಾಗೆ ಸತ್ತಿದ್ದು ನನ್ ಫ್ರಿಜ್ ಒಂದೇ ನೋಡು.”

ಅಂಬಿಕಾ ತಲೆ ತಗ್ಗಿಸಿ ಹೋಗುತ್ತಿದ್ದಳು. ಸತ್ತ ಫ್ರಿಜ್ಜಿನಲ್ಲಿ ಕೊಲ್ಲಾಪುರಮ್ಮ ಅವಲಕ್ಕಿ, ಹುರಿಗಡಲೆ ತುಂಬಿಟ್ಟಿದ್ದರು.

ಕೊನೆಯ ವರ್ಷ ಶುರುವಾಗಬೇಕು ಎನ್ನುವಾಗ ಕಂಪನಿಯಿಂದ ಅವಳ ಮೊಬೈಲಿಗೆ ಅಭಿನಂದನೆ ಬಂತು. ನಿಮ್ಮ ಕುಟುಂಬದ ಜೀವನಮಟ್ಟ ಸುಧಾರಿಸಿರುವುದು ನಮಗೆ ಹೆಮ್ಮೆ ತಂದಿದೆ, ಇನ್ನು ಮುಂದೆ ಈ ನೆರವು ನಿಮಗಿಂತ ಕಷ್ಟದಲ್ಲಿರುವವರಿಗೆ ಹೋಗುತ್ತದೆ ಎಂದಿತ್ತು. ಅಂಬಿಕಾ ನಾಗರಾಜ್‌ಗೆ ಫೋನ್ ಮಾಡಿದಳು.

“ಸಾರ್, ಫ್ರಿಜ್ಜು ನಮ್ಮದಲ್ಲ ಅಂತ ನಿಮಗೆ ಗೊತ್ತಲ್ಲ.”

“ನಂಗೆ ಗೊತ್ತೈತಮ್ಮ. ಕಂಪ್ಯೂಟರಿಗೆ ಗೊತ್ತಿಲ್ಲ. ಅದು ವಿಡಿಯೋ ನೋಡೈತೆ.”

“ಹಂಗಾದ್ರೆ ನಿಜ ಹೇಳ್ರಿ.”

“ಹೇಳಿದ್ರೆ ಮೇಡಂ ಬಹುಮಾನ ಹೋಗ್ತೈತೆ. ಅವ್ರ ಹಿಂದೆ ನನ್ ಕೆಲಸಾನೂ ಹೋಗ್ತೈತೆ.” ಆಮೇಲೆ ಅವರು ದನಿ ತಗ್ಗಿಸಿದರು. “ನೀನೇ ಹೇಳು. ನೀನು ಹೇಳಿದ್ರೆ ಯಾರ ಕೆಲಸಾನೂ ಹೋಗಲ್ಲ.”

ಹೇಳದಿದ್ದರೆ ಹೋಗುವುದು ಅವಳ ಓದು ಎಂಬುದು ಇಬ್ಬರಿಗೂ ಗೊತ್ತಿತ್ತು. ಅಂಬಿಕಾ ಹೇಳಿದಳು. ಮನೆಯ ಒಳಗೆ ನಿಂತು, ಟೀ ಶರ್ಟ್ ಹಾಕದೆ, ನಗದೆ ಒಂದು ವಿಡಿಯೋ ಮಾಡಿದಳು. ಇದು ನಮ್ಮ ಮನೆ, ಇಲ್ಲಿ ಸೋಫಾ ಇಲ್ಲ, ಫ್ರಿಜ್ಜು ಇಲ್ಲ, ಆವತ್ತೂ ಇರಲಿಲ್ಲ, ನನಗೆ ಇನ್ನೊಂದೇ ವರ್ಷ ಓದುವುದಿದೆ ಎಂದು ಹೇಳಿ ನೇರ ಬೆಂಗಳೂರಿಗೆ ಕಳಿಸಿದಳು. ಈ ಸಲ ಅದು ವಾಪಸು ಬರಲಿಲ್ಲ.

ಕಂಪನಿಯಲ್ಲಿ ದೊಡ್ಡ ಸಭೆ ನಡೆಯಿತಂತೆ. ನಾಡಿನ ಜನರೆಲ್ಲ ನೋಡಿದ ಫ್ರಿಜ್ಜು ಮನೆಯಲ್ಲಿಲ್ಲ ಎಂದರೆ ಕಂಪನಿಯ ಮಾತು ಸುಳ್ಳಾಗುತ್ತದೆ. ಅದನ್ನು ಸರಿಪಡಿಸಲೇಬೇಕು ಎಂದು ಎಲ್ಲರೂ ಒಪ್ಪಿದರು. ಸರಿಪಡಿಸಿದರು ಕೂಡ. ಒಂದು ಮಧ್ಯಾಹ್ನ ನ್ಯಾಮತಿ ಕಡೆಯಿಂದ ಟೆಂಪೋ ಬಂತು. ಅದರಲ್ಲಿ ಹೊಸ ಸೋಫಾ, ಗಾಜಿನ ಟೀಪಾಯಿ, ಪಕ್ಕದಲ್ಲಿ ನೀಲಿ ಹನಿ ಅಂಟಿಸಿದ ಹೊಸ ಫ್ರಿಜ್ಜು. ಹಿಂದೆ ಬೈಕಿನಲ್ಲಿ ನಾಗರಾಜ್.

ಅಂಬಿಕಾ ಹೊಸ್ತಿಲ ಮೇಲೆ ಕೂತಿದ್ದಳು. ಹಾಸ್ಟೆಲ್ ಖಾಲಿ ಮಾಡಿ ತಂದ ಪುಸ್ತಕಗಳ ಗಂಟು ಇನ್ನೂ ಬಿಚ್ಚಿರಲಿಲ್ಲ. ಸಾಮಾನು ಇಳಿಯುವುದನ್ನು ನೋಡಿ ಮುಗಿಸಿ ಕೇಳಿದಳು.

“ಫೀಸು ಸಾರ್?”

“ಅದು ಬೇರೆ ವಿಭಾಗಮ್ಮ” ಎಂದರು ನಾಗರಾಜ್, ಫ್ರಿಜ್ಜಿನ ಕಡೆ ನೋಡುತ್ತ. “ಇದು ಪ್ರಚಾರದ ವಿಭಾಗ.”

ಭೀಮಕ್ಕ ಒಳಗೆ ಹೋಗಿ, ಬಂದವರಿಗೆಂದು ನೀರು ತಂದರು. ತಣ್ಣಗಿರಲಿಲ್ಲ, ಬಿಂದಿಗೆಯ ನೀರು. ಲೋಟ ಅವರದೇ. ಒಂದನ್ನು ನಾಗರಾಜ್ ಕೈಗೆ ಕೊಟ್ಟು, ಇನ್ನೊಂದನ್ನು ಮಗಳ ಕೈಗೆ ಕೊಟ್ಟು, ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತರು.

“ಅವತ್ತು ನೀನು ಹೇಳಿದ್ದೇ ಸರಿ ಕಣೇ” ಎಂದರು. “ನಂಗೆ ಸಿಟ್ಟು ಬಂದಿತ್ತು.”

ಅಷ್ಟರಲ್ಲಿ ಕೊಲ್ಲಾಪುರಮ್ಮ ಬಂದು ಹೊಸ ಫ್ರಿಜ್ಜಿನ ಬಾಗಿಲು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಒಳಗಿನ ದೀಪ ಹತ್ತಿದೆಯೇ ಎಂದು ನೋಡಿದರು. ಪ್ಲಗ್ಗು ಇನ್ನೂ ಹಾಕಿರಲಿಲ್ಲ.

“ಭೀಮಿ, ಇದ್ರಾಗೆ ಏನಿಡ್ತೀಯಾ ನೀನು?”

“ಏನಿಡೋದು ಅತ್ತಿಗೆ. ರಾತ್ರಿ ಮುದ್ದೆ ಮಿಕ್ಕಿದ್ರೆ ತಾನೇ ಇಡೋದು.”

“ಹಂಗಾದ್ರೆ ನಂಗೆ ಕೊಡು. ಹೊಸದು ತಗೋಬೇಕು ಅಂತ ಕೂಡಿಟ್ಟೀನಿ, ಅದು ಹುಡುಗಿ ಕಾಲೇಜಿಗೆ ಹೋಗ್ಲಿ. ಕಂಪನಿಯೋರು ನೋಡಾಕೆ ಬಂದ ದಿನ ಇಲ್ಲಿಗೆ ತಂದಿಡೋಣ. ಆಮೇಲೆ ವಾಪಸ್. ಹೊಸದೇನೈತೆ ಇದ್ರಾಗೆ? ನಾವು ಮಾಡ್ತಿದ್ದಿದ್ದೇ.”

ಚಿಕ್ಕಹನುಮಂತಪ್ಪನವರು ಸೋಫಾದ ಸುತ್ತ ಒಂದು ಸುತ್ತು ಬಂದರು. ಶೂಟಿಂಗಿನಲ್ಲಿ ಅವರ ಹಳೆಯದರ ಕಾಲು ಸಡಿಲವಾಗಿತ್ತು.

“ಇದು ನಂಗಿರ್ಲಿ” ಎಂದರು. “ಹಳೇದ್ರ ಮೇಲೆ ಬೀಗರನ್ನ ಕೂರ್ಸಾಕೆ ಈಗ ಭಯ ಆಗ್ತೈತೆ. ಹಾಸ್ಟೆಲ್ ನಾನು ನೋಡ್ಕೋತೀನಿ.”

ಎಲ್ಲರೂ ಒಮ್ಮೆಲೇ ನಾಗರಾಜ್ ಕಡೆ ನೋಡಿದರು. ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ಟೆಂಪೋದವನಿಗೆ ನೀನು ಹೊರಡು ಎಂದು ಸನ್ನೆ ಮಾಡಿದರು. ಫ್ರಿಜ್ಜನ್ನು ಮನೆಯೊಳಗೆ ಇಟ್ಟು, ಭೀಮಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದರು.

“ನಾನು ಏನೂ ಕೇಳಿಸ್ಕೊಂಡಿಲ್ಲ” ಎಂದರು. ಆಮೇಲೆ ಅಂಗಿಯ ತೋಳು ಮಡಚಿ ಫ್ರಿಜ್ಜಿನ ಒಂದು ಬದಿ ಹಿಡಿದರು. “ಮಲಗಿಸ್ಬ್ಯಾಡ್ರಿ ಮತ್ತೆ. ನೆಟ್ಟಗೆ ಎತ್ರಿ.”

ಅಂಬಿಕಾಳ ಕೊನೆಯ ವರ್ಷ ಹೀಗೆ ನಡೆಯಿತು. ಆ ವರ್ಷ ಅವಳಿಗೆ ಕೃತಜ್ಞತೆಯ ತರಬೇತಿ ಇರಲಿಲ್ಲ. ಭಾನುವಾರವೂ ಓದಿದಳು. ಮೊದಲ ದರ್ಜೆಯಲ್ಲಿ ಪಾಸಾದಳು. ಈಗ ಹೊನ್ನಾಳಿ ಕಡೆಯ ಒಂದು ವಿದ್ಯುತ್ ಉಪಕೇಂದ್ರಕ್ಕೆ ಬೆಳಗಿನ ಬಸ್ಸಿನಲ್ಲಿ ತರಬೇತಿಗೆ ಹೋಗುತ್ತಾಳೆ, ಇಲಾಖೆಯ ಪರೀಕ್ಷೆಗೆ ಓದುತ್ತಾಳೆ. ಸವಳಂಗದ ಬೋರ್ಡಿನಲ್ಲಿ ಈಗ ಬೇರೆ ತಾಲ್ಲೂಕಿನ ಹುಡುಗನೊಬ್ಬ ಬಂದಿದ್ದಾನೆ. ಅವನ ಹಿಂದೆ ವಾಷಿಂಗ್ ಮಷೀನ್ ಇದೆ.

ಕಳೆದ ತಿಂಗಳು ನಾಗರಾಜ್ ಮತ್ತೆ ಬಂದಿದ್ದರು. ಫ್ರಿಜ್ಜು ಹೇಗಿದೆ ಎಂದು ಬೆಂಗಳೂರಿನವರಿಗೆ ಫೋಟೋ ಬೇಕಿತ್ತು. ಅದನ್ನು ಹೊತ್ತು ತರಲು ಆ ಹೊತ್ತಿನಲ್ಲಿ ಓಣಿಯಲ್ಲಿ ಗಂಡಸರು ಇರಲಿಲ್ಲ, ಎಲ್ಲ ಮೆಕ್ಕೆಜೋಳಕ್ಕೆ ಹೋಗಿದ್ದರು. ಹಾಗಾಗಿ ಭೀಮಕ್ಕನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಫ್ರಿಜ್ಜಿನ ಪಕ್ಕ ನಿಲ್ಲಿಸಿದರು. ನೀಲಿ ಹನಿಯ ಮೇಲೆ ತೂಗುತ್ತಿದ್ದ ಶಾಂಪೂ ಪಾಕೀಟುಗಳ ಸರವನ್ನು ಕೊಲ್ಲಾಪುರಮ್ಮ ಕೈಯಲ್ಲಿ ಸರಿಸಿ ಹಿಡಿದರು. ಎಷ್ಟು ಹತ್ತಿರದಿಂದ ತೆಗೆದರೂ ಮೂಲೆಯಲ್ಲಿ ಒಂದಿಷ್ಟು ಬಿಸ್ಕತ್ತು ಡಬ್ಬಿ, ಸೋಡಾ ಕೇಳುತ್ತಿದ್ದ ಒಬ್ಬರ ಕೈ ಬಂದೇಬಂದವು. ಇರಲಿ ಎಂದು ನಾಗರಾಜ್ ಕಳಿಸಿದರು.

ವಾರದ ಮೇಲೆ ಆ ಫೋಟೋ ಕಂಪನಿಯ ಪುಟದಲ್ಲಿ ಬಂತು. ಸಂಜೆ ಉಪಕೇಂದ್ರದಿಂದ ಬಂದ ಅಂಬಿಕಾ ಅಂಗಡಿಯ ಮುಂದೆ ನಿಂತು, ಕೆಳಗೆ ಬರೆದಿದ್ದನ್ನು ಗಟ್ಟಿಯಾಗಿ ಓದಿದಳು. ‘ಮಗಳು ಇಂಜಿನಿಯರ್. ನಮ್ಮದೇ ನೆರವಿನಿಂದ ತಾಯಿ ಈಗ ಸ್ವಂತ ಅಂಗಡಿಯ ಒಡತಿ.’

ಭೀಮಕ್ಕ ಬಾಯಿಗೆ ಸೆರಗು ಇಟ್ಟುಕೊಂಡರು. ಕೊಲ್ಲಾಪುರಮ್ಮ ಮಜ್ಜಿಗೆ ಪಾಕೀಟು ಜೋಡಿಸುತ್ತಿದ್ದವರು ಕತ್ತೆತ್ತಿ, ಬೀಗದ ಕೈಯನ್ನು ಗಲ್ಲಾದ ಮೇಲಿಂದ ಭೀಮಕ್ಕನ ಕಡೆ ಸರಿಸಿದರು.

“ಹಂಗಾದ್ರೆ ನಾಳೆಯಿಂದ ಬೆಳಿಗ್ಗೆ ಬಾಗಿಲು ನೀನೇ ತೆಗಿಯಮ್ಮ. ನಾನು ಸ್ವಲ್ಪ ಮಲಕ್ಕೊಂತೀನಿ.”